ಕಡ್ಡಿಗೆ ಹೆದರಿಕೆಯಾಗದಷ್ಟು

ನವೆಂಬರ್ 4, ಬೆಳಿಗ್ಗೆ

ಮತ್ತೆ ಅದೇ. ಹೊಲಿಯಲು ಬಂದ ಕರ್ಟನ್ ಬಟ್ಟೆ ಎಳೆದುಕೊಂಡು ಸೋಫಾ ಮೇಲೆ ಮಲಗಿದೆ ಕಡ್ಡಿ. ಗಿರಾಕಿಯ ಬಟ್ಟೆ. ಮೂಗು ಮಾತ್ರ ಹೊರಗೆ. ವಿಪ್ಪೆಟ್ ಅಂದರೆ ಓಟದ ನಾಯಿ, ಮನೆ ರಣರಂಗ ಆಗುತ್ತದೆ ಅಂದುಕೊಂಡಿದ್ದೆ. ಸಂಜೆ ಮೈದಾನದಲ್ಲಿ ನಾಲ್ಕು ಸುತ್ತು ಬಾಣದ ಹಾಗೆ. ಆಮೇಲೆ ಕುಂಭಕರ್ಣ.

ನಮ್ಮವರ ಆಫೀಸಿನ ಗೆಳೆಯ ಬೇರೆ ಊರಿಗೆ ಹೋಗುವಾಗ ಕೊಟ್ಟದ್ದು. ಒಂದಷ್ಟು ದಿನ ನೋಡಿ, ಹೊಂದಿಕೊಳ್ಳದಿದ್ದರೆ ತನ್ನ ಅಕ್ಕ ಸಾಕಿಕೊಳ್ಳುತ್ತಾಳೆ ಅಂದಿದ್ದ. ಕಡ್ಡಿ ಅಂತ ಹೆಸರಿಟ್ಟವಳು ಮಗಳು. ಮಾವ ಮೊದಲ ದಿನವೇ ಕೇಳಿದರು — "ಇದು ನಾಯೀನಾ, ಬಟ್ಟೆ ಹಾಕೋ ಹ್ಯಾಂಗರಾ?" ಕೇಳಿದರು ಅಂದರೆ ಕೂಗಿದರು. ನಾಯಿ ಮಂಚದ ಕೆಳಗೆ.

ನವೆಂಬರ್ 6

ಮಾವ ಆಯುಸ್ಸೆಲ್ಲ ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗಿದವರು. ಮೈಕ್ ಮುಟ್ಟಲಿಲ್ಲ ಅನ್ನುವುದೇ ಹೆಮ್ಮೆ. ಈಗ ಕಿವಿ ಮಂದ. ತಮ್ಮ ದನಿ ತಮಗೇ ಕೇಳಿಸದೆ ಇನ್ನೂ ಜೋರು. ಉಪ್ಪು ಬೇಕೆಂದರೆ ಮೂರನೇ ಮನೆಗೂ ಗೊತ್ತಾಗುತ್ತದೆ. ಕಿವಿಗೆ ಮೆಷಿನ್ ಹಾಕಿಸೋಣ ಅಂದರೆ ಮುಖ ಊದಿಸಿಕೊಳ್ಳುತ್ತಾರೆ. ಅವರ ಕಿವಿ ಸರಿಯಾಗೇ ಇದೆಯಂತೆ, ನಾವು ಬಾಯೊಳಗೇ ಮಾತಾಡುತ್ತೇವಂತೆ.

ನಮಗೆ ರೂಢಿಯಾಗಿದೆ. ಕಡ್ಡಿಗೆ ಆಗಿಲ್ಲ. ಮಾವ ಬಾಯಿ ತೆರೆದರೆ ಬಾಲ ಕಾಲಸಂದಿಗೆ, ಮೈಯೆಲ್ಲ ಗಡಗಡ. ನಿನ್ನೆ ಅರ್ಧ ಬಟ್ಟಲು ತಿಂದಿತ್ತು. ಇವತ್ತು ಮೂಸಿ ಕೂಡ ನೋಡಿಲ್ಲ.

ನವೆಂಬರ್ 11

ನಾಯಿ ಡಾಕ್ಟರು ನೋಡಿದರು. ಕಾಯಿಲೆ ಏನೂ ಇಲ್ಲ. ಈ ಜಾತಿಗೆ ಚರ್ಮವೂ ತೆಳ್ಳಗೆ, ಮನಸ್ಸೂ ತೆಳ್ಳಗೆ ಅಂದರು. ಕಚ್ಚುವುದಿಲ್ಲ, ಬೊಗಳುವುದೂ ಅಪರೂಪ, ಮಕ್ಕಳಿರುವ ಮನೆಗೆ ಒಳ್ಳೆಯದು. ಗದ್ದಲ ಮಾತ್ರ ತಡೆಯದು. ಪಕ್ಕೆಲುಬು ಒಂದಿಷ್ಟು ಕಾಣುವುದು ಸಹಜವೇ, ಆದರೆ ಇಷ್ಟು ಕಾಣಬಾರದು. ಚಳಿಗೆ ಕೋಟು ಬೇಕು. ಬೇಲಿ ಇರುವ ಮೈದಾನ ಬಿಟ್ಟು ಬೇರೆಲ್ಲೂ ಬೆಲ್ಟ್ ಬಿಚ್ಚಬಾರದು — ಬೆಕ್ಕು ಕಂಡರೆ ರಸ್ತೆ ಗಿಸ್ತೆ ನೋಡುವುದಿಲ್ಲ.

ಊಟದ ಹೊತ್ತಿಗೆ ನಮ್ಮವರು ತೀರ್ಮಾನ ಹೇಳಿದರು. ಭಾನುವಾರ ಆ ಗೆಳೆಯನ ಅಕ್ಕ ಬಂದು ಕರೆದುಕೊಂಡು ಹೋಗಲಿ. ಮಗಳು ತಟ್ಟೆ ತಳ್ಳಿ ಎದ್ದಳು. ಏನಾಯ್ತು ಅಂತ ಮಾವ ಕೂಗಿದರು. ನಿಮ್ಮ ದನಿಯಿಂದ ಅನ್ನಲು ಯಾರಿಗೂ ಬಾಯಿ ಬರಲಿಲ್ಲ.

ಕಡ್ಡಿಯ ಕೋಟಿಗೆ ಬಟ್ಟೆ ಕತ್ತರಿಸಿದೆ. ಹೋಗುವ ನಾಯಿಗೆ ಕೋಟು ಯಾಕೆ ಅಂದರು ನಮ್ಮವರು. ಉಳಿದ ಬಟ್ಟೆ, ಅಂದೆ.

ನವೆಂಬರ್ 13, ಸಂಜೆ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಕರ್ಟನ್ ಕೊಟ್ಟುಬರಲು ಹೋಗಿದ್ದೆ. ಮನೆಯಲ್ಲಿ ಮಾವ ಒಬ್ಬರೇ. ಕೊರಿಯರ್‌ನವನಿಗೆ ಬಾಗಿಲು ತೆರೆದಿದ್ದಾರೆ. ಎದುರುಮನೆ ಬೆಕ್ಕು ಕಂಡು ಕಡ್ಡಿ ಅವರ ಕಾಲ ಪಕ್ಕದಿಂದ ನುಸುಳಿದೆ. ಮಾವನಿಗೆ ಬರುವುದು ಒಂದೇ ವಿದ್ಯೆ. ಕೂಗಿದರು. ಕೂಗಿದಷ್ಟೂ ಅದು ದೂರ. ದೊಡ್ಡ ರಸ್ತೆಯನ್ನೂ ದಾಟಿತಂತೆ. ಹಿಂದೆಯೇ ಮಾವ, ಬರಿಗಾಲಲ್ಲಿ.

ನಾನು ವಾಪಸು ಬರುವಾಗ ರಸ್ತೆಯಾಚೆ ಇಬ್ಬರೂ ಕಂಡರು. ಬಸ್ ಸ್ಟಾಪಿನ ಬೆಂಚಿನ ಮೇಲೆ ಮಾವ, ಏದುಸಿರು. ಅಷ್ಟು ದೂರದಲ್ಲಿ ರಸ್ತೆಯಂಚಿಗೆ ಕಡ್ಡಿ. ಯಾವುದೋ ತಂತಿಗೆ ಸಿಕ್ಕಿ ತೊಡೆಯ ಚರ್ಮ ಹರಿದಿತ್ತು. ಮಾವ ಕರೆದರು. ಅದು ಹಿಂದೆ ಸರಿಯಿತು. ಹಿಂದೆ ಬಸ್ಸುಗಳು. ಅವರು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ನಾನು ಈಚೆಯಿಂದ ಕೈ ಬೀಸಿ, ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಈ ಮನೆಗೆ ಸೊಸೆಯಾಗಿ ಬಂದಮೇಲೆ ಮಾವನಿಗೆ ಬಾಯಿ ಮುಚ್ಚಿ ಅಂದದ್ದು ಇದೇ ಮೊದಲು. ಮುಚ್ಚಿದರು. ತಲೆ ತಗ್ಗಿಸಿ ಸುಮ್ಮನೆ ಕೂತರು.

ಕಡ್ಡಿ ನಿಂತು ನೋಡಿತು. ಆಮೇಲೆ ಕುಂಟುತ್ತಾ ಬಂದು ಅವರ ಕಂಕುಳಿಗೆ ಮೂಗು ತೂರಿಸಿತು.

ನಾಯಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು, ಹೊಲಿಗೆ ಹಾಕಿದರು. ಈ ಜಾತಿಗೆ ಅರಿವಳಿಕೆ ಹುಷಾರಾಗಿ ಕೊಡಬೇಕಂತೆ, ಡಾಕ್ಟರು ಬಹಳ ಹೊತ್ತು ತೆಗೆದುಕೊಂಡರು. ಹೊರಗೆ ಕಾಯುವಾಗ ಮಾವ ಕೇಳಿದರು, ಭಾನುವಾರ ಅದನ್ನ ಕಳಿಸ್ತಿದ್ದೀರಂತೆ, ಯಾಕೆ? ಮಗಳು ಹೇಳಿರಬೇಕು. ನಿಮ್ಮ ದನಿಗೆ ಹೆದರುತ್ತೆ ಅಂದೆ. ಕೇಳಿಸಲಿಲ್ಲ. ಇನ್ನೊಮ್ಮೆ ಅಂದೆ. ಕೊನೆಗೆ ಕೂಗಬೇಕಾಯಿತು. ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಮಾವನ ಮುಖ ಚಿಕ್ಕದಾಯಿತು. ಪಾಪ ಅನ್ನಿಸಿತು.

ನವೆಂಬರ್ 15

ಮಾವ ಗಂಟಲ ಮೇಲೆ ಬೆರಳಿಟ್ಟುಕೊಂಡು ಮಾತಾಡುತ್ತಿದ್ದಾರೆ. ಬೆರಳಿಗೆ ಕಂಪನ ಜಾಸ್ತಿ ತಗುಲಿದರೆ ದನಿ ಇಳಿಸುತ್ತಾರೆ. ಕಣ್ಣು ಕಡ್ಡಿಯ ಕಿವಿಯ ಮೇಲೆ. ಹೆದರಿ ಕಿವಿ ತಲೆಗೆ ಅಂಟಿತೋ, ದನಿ ಇನ್ನೂ ಮೆತ್ತಗೆ. ಮೊದಮೊದಲು ಬರೀ ಗಾಳಿ ಬಂತು. ಮಗಳು ಕಿಸಕ್ಕನೆ ನಕ್ಕಳು. ತಾತ ಬೈಯಲಿಲ್ಲ.

ಆದರೂ ನಾಳೆ ಆ ಅಕ್ಕ ಬರುತ್ತಾರೆ. ಬೇಡ ಅಂತ ಫೋನ್ ಮಾಡಿ ಅಂದೆ. ಎರಡು ದಿನದ ಶೋಕಿ, ಆಮೇಲೆ ಅದೇ ರಾಗ ಅಂದರು ನಮ್ಮವರು.

ನವೆಂಬರ್ 16, ಭಾನುವಾರ

ಆ ಅಕ್ಕ ಬಂದರು. ಹೊಸ ಬೆಲ್ಟ್ ತಂದಿದ್ದರು. ಒಳ್ಳೆಯವರೇ. ಮಗಳು ಕೋಣೆ ಬಿಟ್ಟು ಬರಲಿಲ್ಲ. ಕಡ್ಡಿ ಮಾವನ ಶಾಲಿನೊಳಗೆ. ನಮ್ಮವರು ಬೆಲ್ಟ್ ಹಿಡಿದು ಬಗ್ಗಿದರು. ಮಾವ ಗಂಟಲಿಗೆ ಬೆರಳಿಟ್ಟರು.

"ತಡಿಯಪ್ಪ. ಮೆಷಿನ್ ಹಾಕಿಸ್ಕೋತೀನಿ. ಇದು ಇಲ್ಲೇ ಇರ್ಲಿ."

ಎಷ್ಟು ಮೆಲ್ಲಗೆ ಅಂದರೆ, ಏನಂದ್ರಿ ಅಂತ ಮಗನೇ ಎರಡು ಸಲ ಕೇಳಬೇಕಾಯಿತು. ಬಂದವರು ನಕ್ಕು, ಕಾಫಿ ಕುಡಿದು, ಬೆಲ್ಟನ್ನು ಇಲ್ಲೇ ಬಿಟ್ಟು ಹೋದರು. ಮಗಳು ತಾತನ ಕೊರಳಿಗೆ ಜೋತುಬಿದ್ದಳು. ನನಗೆ ಅಳು ಬಂತು. ಯಾಕೆ ಮುಚ್ಚಿಡಲಿ.

ಡಿಸೆಂಬರ್ 9

ಮೆಷಿನ್ ಬಂದು ವಾರವಾಯಿತು. ಈಗ ದಿನಕ್ಕೊಂದು ದೂರು. ಫ್ರಿಜ್ ಗೊಣಗುತ್ತದೆ. ಮಗ ಟೀ ಸೊರಸೊರ ಕುಡಿಯುತ್ತಾನೆ. ಎಲ್ಲಕ್ಕಿಂತ ದೊಡ್ಡ ದೂರು — ಯಾವುದಕ್ಕೆ ಹಾಕಿಸಿಕೊಂಡರೋ ಅದು ಬೊಗಳುವುದೇ ಇಲ್ಲ. ಒಂದ್ಸಲ ಬೊಗಳೋ ಮಾರಾಯ ಅಂತ ಪಿಸುಗುಟ್ಟಿ ಕಾಯುತ್ತಾರೆ. ಅದು ಅವರ ಗಲ್ಲ ನೆಕ್ಕುತ್ತದೆ. ಬಟ್ಟಲು ಮಾತ್ರ ದಿನಾ ಖಾಲಿ.

ಡಿಸೆಂಬರ್ 12, ಮಧ್ಯಾಹ್ನ

ಅವಸರದ ಕೆಲಸ, ಸೋಫಾ ಕವರ್. ಊಟ ಮುಗಿಸಿದವಳೇ ಹೊಲಿಗೆ ಮೆಷಿನ್ ಮುಂದೆ ಕೂತೆ. ಎದುರಿಗೆ ಮಾವ. ಕಡ್ಡಿ ಕೋಟು ಹಾಕಿಕೊಂಡು ಅವರ ಎದೆಗೊರಗಿ ನಿದ್ದೆ. ಮಾವ ನನ್ನ ಕಡೆ ಕೈ ಬೀಸಿದರು. ತಲೆ ಎತ್ತಿದೆ. ತುಟಿಯ ಮೇಲೆ ಬೆರಳಿಟ್ಟರು. ಹೊಲಿಗೆ ನಿಲ್ಲಿಸಿದೆ.

ಕಡ್ಡಿಯ ಮೂಗಿನ ಹತ್ತಿರ ಕಿವಿ ತಂದರು. ಹಾಗೇ ಇದ್ದರು.

"ಗೊರಕೆ ಹೊಡೀತಿದೆ ಕಣಮ್ಮ," ಅಂದರು. "ಕೇಳಿಸ್ತಿದೆ."

ಗಂಟಲ ಮೇಲೆ ಬೆರಳಿರಲಿಲ್ಲ. ನಾನೂ ಕುರ್ಚಿ ಹತ್ತಿರ ಎಳೆದುಕೊಂಡೆ, ಕಿವಿಗೊಟ್ಟೆ. ಸಣ್ಣಗೆ, ನನಗೂ ಕೇಳಿಸಿತು.