ಎರಡು ಕೋರ್ಟಿಗೆ ಒಬ್ಬಳೇ ಲಾಯರ್

ನಿನ್ನ ಹಿರಿಮಗಳ ಮನೆಯಿಂದ,
ಶನಿವಾರ ಸಂಜೆ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಬೇಡ. ಅಳಿಯಂದಿರಿಗೂ ಎರಡು ಕೈ ಇವೆ. ಬಾಣಂತಿ, ನಿನ್ನ ಚಿಕ್ಕಮಗಳು, ಚೆನ್ನಾಗಿದ್ದಾಳೆ ತಾನೆ? ಮಗುವಿಗೆ ನನ್ನ ಮೂಗೇ ಬಂದಿದೆಯಂತೆ, ಪುಣ್ಯ ಮಾಡಿದೆ ಬಿಡು. ನನ್ನ ಅಡುಗೆ ತಿಂದು ನಿನ್ನ ಹಿರಿಮಗಳು ಮೈ ತುಂಬಿಕೊಳ್ಳಬೇಕಿತ್ತು, ಆಗಿಲ್ಲ. ಅದು ಅಡುಗೆಯ ತಪ್ಪಲ್ಲ.

ದಿನಾ ಮಧ್ಯಾಹ್ನ ಅವಳ ಆಫೀಸಿಗೆ ಊಟದ ಡಬ್ಬಿ ಒಯ್ಯುತ್ತೇನೆ. ವಕೀಲರ ಆಫೀಸು ಅಂತ ಬೋರ್ಡು ಹಾಕಿದ್ದಾರೆ, ಅದಕ್ಕೇ ನಂಬಬೇಕು. ಲಾಯರುಗಳಿಗಿಂತ ಕುರ್ಚಿ ಕಡಿಮೆ. ನೀರು ಕುಡಿಯಲು ಎದ್ದರೆ ಕುರ್ಚಿ ಹೋಯಿತು ಅಂತಲೇ ಲೆಕ್ಕ. ಕೈ ತೊಳೆಯುವ ಬೇಸಿನ್ ಕೆಳಗೂ ಫೈಲು. ನನ್ನ ಕೋಟು, ಮೀಸೆ ನೋಡಿ ಕಕ್ಷಿದಾರರು ನಾನೇ ದೊಡ್ಡ ಲಾಯರ್ ಅಂದುಕೊಂಡು ಎದ್ದು ನಿಲ್ಲುತ್ತಾರೆ. ನಾನೂ ಬೇಡ ಅನ್ನುವುದಿಲ್ಲ. ಹಳ್ಳಿ ಶಾಲೆಯಲ್ಲಿ ಇನ್ನೆರಡು ಕ್ಲಾಸು ಓದಿದ್ದರೆ ಈ ಆಫೀಸನ್ನು ವಾರದಲ್ಲಿ ದಾರಿಗೆ ತರುತ್ತಿದ್ದೆ.

ಅಲ್ಲಿ ಯಜಮಾನರು ಇಬ್ಬರು, ಅಪ್ಪ ಮತ್ತು ಮಗ. ಅಪ್ಪ ಹೇಳಿದ್ದು ಮಗನಿಗೆ ಗೊತ್ತಿಲ್ಲ, ಮಗ ಹೇಳಿದ್ದು ಅಪ್ಪನಿಗೆ ಬೇಕಿಲ್ಲ. ಮೊನ್ನೆ ಅಪ್ಪ, “ಟೈಲರಮ್ಮನ ಅಂಗಡಿ ಕೇಸಿಗೆ ನೀನೇ ಹೋಗಮ್ಮ” ಅಂದರಂತೆ. ಹೊರಡುವಾಗ ಮಗ ಅಡ್ಡ ಬಂದು, “ಅದನ್ನ ನಾನ್ ನೋಡ್ಕೋತೀನಿ, ನೀವು ಊರಾಚೆ ಕೋರ್ಟಿಗೆ ಓಡಿ” ಅಂದನಂತೆ. ಇವಳು ಓಡಿದಳು. ಅವನು ನೋಡಿಕೊಳ್ಳಲಿಲ್ಲ. ಟೈಲರಮ್ಮನ ಪರವಾಗಿ ಯಾರೂ ಬಂದಿಲ್ಲವೆಂದು, ಅಂಗಡಿ ಬಿಡಿಸಬಾರದು ಅಂತ ಅವಳು ಹಾಕಿದ್ದ ಕೇಸನ್ನು ಜಡ್ಜು ವಜಾ ಮಾಡಿದರು. ಅವಳ ಅಂಗಡಿ ಖಾಲಿ ಮಾಡಿಸಲು ಕಟ್ಟಡದ ಮಾಲೀಕ ಈಗ ಬೀಗ ಹಿಡಿದು ನಿಂತಿದ್ದಾನೆ.

ಕೇಸನ್ನು ಮತ್ತೆ ಎತ್ತಿಕೊಳ್ಳಿ ಎಂದು ಸೋಮವಾರ ಜಡ್ಜನ್ನು ಕೇಳಬೇಕು. ಇದೊಂದರಲ್ಲಿ ಅಪ್ಪ ಮಗ ಒಂದೇ ಮಾತು: “ನಾನೇ ಮರೆತೆ ಅಂತ ಹೇಳ್ಬಿಡಮ್ಮ. ನೀನಿನ್ನೂ ಚಿಕ್ಕವಳು, ಬೈದು ಬಿಟ್ಬಿಡ್ತಾರೆ. ಆಫೀಸಿನ ಹೆಸರು ಕೆಡಬಾರದು.” ಇವಳು ಹೂಂ ಅಂದು ಬಂದಿದ್ದಾಳೆ. ಟೈಲರಮ್ಮನ ಅಂಗಡಿ ಉಳಿದರೆ ಸಾಕಂತೆ. ಆದರೆ ಅವತ್ತಿನಿಂದ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಟ. ಕೂತರೆ ಕಾಲು ಕುಣಿಸುತ್ತಾಳೆ. ಈಗಲೂ ಎದುರಿಗೇ ಕೂತು ಕುಣಿಸುತ್ತಿದ್ದಾಳೆ, ಮೇಜೆಲ್ಲ ಅಲ್ಲಾಡುತ್ತಿದೆ. ಅಕ್ಷರ ಸೊಟ್ಟಗಿದ್ದರೆ ನಮ್ಮ ಮೇಷ್ಟ್ರನ್ನು ಬೈಯಬೇಡ. ನಿನ್ನ ಮಂಡಿಗೆ ಔಷಧಿ ಬರೆಯುತ್ತಿದ್ದೇನೆ ಅಂತ ನಂಬಿಸಿದ್ದೇನೆ. “ಮಾವಾ, ಅಮ್ಮಂಗೇನಾದ್ರೂ ಹೇಳಿದ್ರೆ ನಿಮ್ಮನ್ನ ಮನೆಗೇ ಸೇರ್ಸಲ್ಲ” ಅಂತ ಹೆದರಿಸಿದ್ದಾಳೆ. ನಾನು ಯಾರಿಗೆ ಹೆದರಿದವನು?

ಪಕ್ಕದ ಮನೆ ಡ್ರೈವರ್ ನಾಳೆ ಅತ್ತ ಬರುತ್ತಾನೆ, ಅವನ ಕೈಲಿ ಇದನ್ನು ಕಳಿಸುತ್ತೇನೆ. ಅಳಿಯಂದಿರನ್ನು ಕೇಳಿದೆ ಅನ್ನು. ಮಗುವಿನ ತಲೆ ಮೇಲೆ ನನ್ನ ಪರವಾಗಿ ಒಮ್ಮೆ ಕೈ ಇಡು.

ನಿನ್ನ ಬುದ್ಧಿವಂತ ತಮ್ಮ

ಮರೆತಿದ್ದೆ: ಅಂಗಿಗೆ ಗುಂಡಿ ಹಾಕಿಸುವ ನೆಪದಲ್ಲಿ ನಿನ್ನೆ ಟೈಲರಮ್ಮನ ಬಳಿ ಹೋಗಿ ಎಲ್ಲ ಹೇಳಿಬಿಟ್ಟೆ. ಕತ್ತರಿ ಕೆಳಗಿಟ್ಟು ನನ್ನ ಅಂಗಿಗೆ ಗುಂಡಿ ಹಾಕಿ ಮುಗಿಸಿದಳು. ಆಮೇಲೆ, “ತಪ್ಪನ್ನ ಆ ಹುಡುಗಿ ತಲೆಗೆ ಕಟ್ಟಿ ನನಗೆ ಅಂಗಡಿ ಉಳಿಸೋದು ಬೇಡ. ನಡೆದಿದ್ದನ್ನ ಜಡ್ಜ್ ಮುಂದೆ ನಾನೇ ಹೇಳ್ತೀನಿ” ಅಂದಳು. ನಿನ್ನ ಮಗಳಿಗೆ ಇದು ಗೊತ್ತಿಲ್ಲ. ಸೋಮವಾರ ಆಫೀಸಿನವರು ಅವಳನ್ನು ಹೊರಗೆ ಹಾಕುತ್ತಾರೆ, ಅವಳು ನನ್ನನ್ನು ಹೊರಗೆ ಹಾಕುತ್ತಾಳೆ. ಅವತ್ತೇ ಸಂಜೆ ಬಸ್ಸಿಗೆ ಬರುತ್ತೇನೆ. ಎರಡು ಹಾಸಿಗೆ ಹಾಸಿಡು. ಬೈಯಲಿಕ್ಕಾದರೂ ನನ್ನ ಹಿಂದೆಯೇ ಬರುತ್ತಾಳೆ.