ಗಂಟೆ ಎಲ್ಲಿಯವರೆಗೆ ಕೇಳುತ್ತದೆ

ಸೋಮವಾರ ಸಂಜೆ,
ಮೂರನೇ ತರಗತಿಯ ಕೋಣೆಯಿಂದ

ಪ್ರೀತಿಯ ವಟವಟ,

ಇಷ್ಟು ವರ್ಷದ ಮೇಲೆ ನಿನ್ನನ್ನು ಈ ಹೆಸರಿನಿಂದ ಕರೆಯಬಹುದೋ ಇಲ್ಲವೋ ತಿಳಿಯದು. ಈಗ ಕೂದಲಿಗೆ ಬಣ್ಣ ಹಚ್ಚುವ ವಯಸ್ಸು ಎಂದು ನೀನೇ ಬರೆದಿದ್ದೀಯ. ಆದರೆ ನಾಲ್ಕು ಪುಟದ ಕಾಗದದಲ್ಲಿ ಮೂರೂವರೆ ಪುಟ ನಿನ್ನ ಮಂಡಿನೋವು, ಗಂಡನ ಗೊರಕೆ ತುಂಬಿಸಿ, ಕೊನೆಗೆ ವಿಷಯಕ್ಕೆ ಬಂದಿದ್ದೀಯ ನೋಡು, ನೀನು ಅದೇ ವಟವಟ ಎಂದು ಖಾತ್ರಿಯಾಯಿತು. ಶನಿವಾರ ನಮ್ಮೂರಿನ ಮೇಲೆ ಹಾದುಹೋಗುತ್ತೀಯಂತೆ. ನನಗೆ ಇನ್ನೂ ಕೋಪವಿದ್ದರೆ ಬಸ್ಸಿನಿಂದ ಇಳಿಯುವುದಿಲ್ಲವಂತೆ. ಅವತ್ತು ತರಗತಿಯಲ್ಲಿ ನೀನು ಹಾಗೆ ಹೇಳಬಾರದಿತ್ತಂತೆ.

ಒಂದು ಸಾಲಿನ ಉತ್ತರ ಬರೆಯೋಣವೆಂದು ಕುಳಿತೆ, ಆಗಲಿಲ್ಲ. ನಾವು ಕೂರುತ್ತಿದ್ದ ಕಿಟಕಿ ಪಕ್ಕದ ಬೆಂಚು ಎದುರಿಗೇ ಇದೆ. ಹೌದು, ನಾನೀಗ ಇದೇ ಕೋಣೆಯಲ್ಲಿ ಟೀಚರ್. ನಮ್ಮನ್ನು ಆಳಿದ ದೊಡ್ಡ ಟೀಚರ್ ಕುರ್ಚಿಯಲ್ಲೇ ಕೂರುತ್ತೇನೆ. ಕುರ್ಚಿಯ ಒಂದು ಕಾಲು ಆಗಲೂ ಕುಂಟುತ್ತಿತ್ತು, ಈಗಲೂ ಕುಂಟುತ್ತದೆ.

ನಡೆದದ್ದೆಲ್ಲ ನಿನಗೆ ಗೊತ್ತು. ನನ್ನ ಬೆಂಚಿನ ಕಡೆಯಿಂದ ಅದು ಹೇಗಿತ್ತು ಎನ್ನುವುದು ಮಾತ್ರ ಗೊತ್ತಿಲ್ಲ.

ಎಲ್ಲ ಶುರುವಾದದ್ದು ನಮ್ಮ 'ಬಾಗಿಲು' ಮಹಾಶಯನಿಂದ. ದಿನಾ ತಡವಾಗಿ ಬಂದು ಬಾಗಿಲಲ್ಲೇ ನಿಲ್ಲುತ್ತಿದ್ದನಲ್ಲ, ಅವನು. ಸೇತುವೆಯ ಆಚೆ ತನ್ನ ಮನೆಗೆ ಶಾಲೆಯ ಗಂಟೆ ಕೇಳಿಸುವುದೇ ಇಲ್ಲ ಎಂದು ಒಂದು ದಿನ ನೆಪ ಹೇಳಿದ. ಬೇರೆ ಯಾರಾದರೂ ಆಗಿದ್ದರೆ ಕಿವಿ ಹಿಂಡುತ್ತಿದ್ದರು. ದೊಡ್ಡ ಟೀಚರ್ ಇಡೀ ತರಗತಿಯ ಕಡೆ ತಿರುಗಿ, ಹಾಗಾದರೆ ನಮ್ಮ ಗಂಟೆ ಎಲ್ಲಿಯವರೆಗೆ ಕೇಳುತ್ತದೆ, ನೀವೇ ಕಂಡುಹಿಡಿಯಿರಿ ಎಂದುಬಿಟ್ಟರು. ಹಲಗೆಯ ಮೇಲೆ ಮೂರು ಕಲಂ ಎಳೆದರು: ಕಂಡೆ, ಕೇಳಿದೆ, ಯಾರೋ ಹೇಳಿದರು. ಏನೇ ಗೊತ್ತಾದರೂ ಈ ಮೂರರಲ್ಲಿ ಒಂದರಲ್ಲಿ ಬರೆಯಬೇಕು, ಕಲಂ ಅದಲು ಬದಲು ಮಾಡುವ ಹಾಗಿಲ್ಲ.

ಗೇಟು, ಟೈಲರ್ ಅಂಗಡಿ, ಸೈಕಲ್ ಶಾಪು, ಪೋಸ್ಟಾಫೀಸು, ಸೇತುವೆ. ಒಬ್ಬರಿಗೊಬ್ಬರು ಕಾಣುವಂತೆ ಸಾಲಾಗಿ ನಿಂತೆವು. ಗಂಟೆ ಕೇಳಿದವರು ಕರ್ಚೀಫು ಎತ್ತಬೇಕು. ಯಾವಾಗಲೂ ಅಂಟಿಕೊಂಡಿರುವ ನಮ್ಮಿಬ್ಬರನ್ನು ಟೀಚರ್ ಅವತ್ತು ಬೇರೆ ಮಾಡಿದರು. ನೀನು ಗೇಟಿಗೆ, ನಾನು ಟೈಲರ್ ಅಂಗಡಿಗೆ. ಒಂದನೇ ಕ್ಲಾಸಿನಿಂದ ನನ್ನ ಗಂಟೆಯೇ ನೀನಾಗಿದ್ದೆ. ಗಂಟೆ ಹೊಡೆದರೆ, ಹಾಜರಿ ಕರೆದರೆ, ಎದ್ದು ನಿಲ್ಲಬೇಕಾದರೆ ನನ್ನ ಎಡಗೈ ಚಿವುಟುತ್ತಿದ್ದೆ. ಉಳಿದದ್ದನ್ನು ನಾನು ಎಲ್ಲರ ಮುಖ ಪಿಳಿಪಿಳಿ ನೋಡಿ ಹೇಗೋ ದಾಟಿಸುತ್ತಿದ್ದೆ. ಎಲ್ಲರೂ ಹೀಗೇ ಬದುಕುತ್ತಾರೆ ಎಂದೇ ತಿಳಿದಿದ್ದೆ, ಕಣೇ.

ಮೊದಲ ದಿನ ನಿನ್ನ ಕರ್ಚೀಫು ಮೇಲೆದ್ದದ್ದು ನೋಡಿ ನನ್ನದನ್ನೂ ಎತ್ತಿದೆ. ಸೈಕಲ್ ಶಾಪಿನವರೂ ಎತ್ತಿದರು, ಸೇತುವೆಯವರೂ ಎತ್ತಿದರು. ನಮ್ಮ ಗಂಟೆ ಊರಾಚೆಗೂ ಕೇಳುತ್ತದೆಂದು ತರಗತಿಯೆಲ್ಲ ಕುಣಿದಾಡಿತು. 'ಬಾಗಿಲು' ಒಬ್ಬನೇ ಮುಖ ಸಪ್ಪೆ ಮಾಡಿಕೊಂಡಿದ್ದ. ಟೀಚರ್ ಮಾತ್ರ ಇನ್ನೊಮ್ಮೆ ನೋಡೋಣ ಎಂದರು.

ಎರಡನೇ ದಿನದ್ದು ನೆನೆದರೆ ಈಗಲೂ ಹೊಟ್ಟೆ ಹುಣ್ಣಾಗುವಷ್ಟು ನಗು. ಗಂಟೆಯನ್ನು ಹೊಡೆಯಲೇಬೇಡ ಎಂದು ಜವಾನನಿಗೆ ಟೀಚರ್ ಗುಟ್ಟಾಗಿ ಹೇಳಿದ್ದರು. ನಿನಗೆ ನೆಗಡಿ. ಗೇಟಿನ ಹತ್ತಿರ ಕರ್ಚೀಫು ತೆಗೆದು ಮೂಗು ಒರೆಸಿಕೊಂಡೆ. ಅಷ್ಟೇ! ನಾನು ಎತ್ತಿದೆ, ನನ್ನ ನೋಡಿ ಸೈಕಲ್ ಶಾಪು, ಅದನ್ನು ನೋಡಿ ಪೋಸ್ಟಾಫೀಸು. ಸೇತುವೆಯವರಂತೂ ಎರಡು ಕೈಯಲ್ಲೂ ಬೀಸಿದರಂತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ, ಹಾಗಾಯಿತು. ಹೊಡೆಯದ ಗಂಟೆಯನ್ನು ಇಡೀ ತರಗತಿ ಕೇಳಿಸಿಕೊಂಡಿತ್ತು. ಟೀಚರ್ ಬೈಯಲಿಲ್ಲ. ಮೂರು ಕಲಂ ತೋರಿಸಿ, ಇವತ್ತಿನದನ್ನು ಯಾವುದರಲ್ಲಿ ಬರೆಯುತ್ತೀರಿ ಎಂದು ಕೇಳಿದರು.

ಮೂರನೇ ದಿನ ಎಲ್ಲರೂ ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕು ಎಂಬ ನಿಯಮ ಬಂತು. ಅದನ್ನು ಹೇಳಿಕೊಟ್ಟವಳು ನೀನೇ. ಟೈಲರ್ ಅಂಗಡಿಯ ಹಸಿರು ಗೋಡೆ, ಅದರಲ್ಲಿ ಸುಣ್ಣ ಎದ್ದ ಒಂದು ಜಾಗ. ಅದನ್ನೇ ನೋಡುತ್ತಾ ನಿಂತೆ. ಯಾರ ಮುಖವೂ ಇಲ್ಲ, ಚಿವುಟುವ ಕೈಯೂ ಇಲ್ಲ. ಎಲ್ಲರೂ ತರಗತಿಗೆ ವಾಪಸಾದ ಮೇಲೂ ನಿಂತೇ ಇದ್ದೆನಂತೆ. ಕೊನೆಗೆ ಟೈಲರ್ ಎದ್ದು ಬಂದು ಭುಜ ತಟ್ಟಿದರು. ನನಗೆ ಅಷ್ಟು ಭಯ ಆಮೇಲೆ ಯಾವತ್ತೂ ಆಗಿಲ್ಲ.

ಈ ಸಲ ಸೈಕಲ್ ಶಾಪಿನವರಿಗೆ ಕೇಳಿಸಿತ್ತು, ಪೋಸ್ಟಾಫೀಸಿನವರಿಗೆ ಅರೆಬರೆ, ಸೇತುವೆಯವರಿಗೆ ಇಲ್ಲ. 'ಬಾಗಿಲು' ಗೆದ್ದ. ಆದರೆ ಅಷ್ಟು ಹತ್ತಿರದ ಟೈಲರ್ ಅಂಗಡಿಗೆ ಯಾಕೆ ಕೇಳಿಸಲಿಲ್ಲ? ಹೊಲಿಗೆ ಯಂತ್ರದ ಸದ್ದು ಎಂದಿತು ಒಂದು ಗುಂಪು. ಯಂತ್ರ ನಿಲ್ಲಿಸಿ ನೋಡಿದರು, ಆಗಲೂ ನಾನು ಕರ್ಚೀಫು ಎತ್ತಲಿಲ್ಲ. ಅಂಗಡಿಯ ಬಟ್ಟೆಯ ರಾಶಿ ಸದ್ದನ್ನು ಕುಡಿದುಬಿಡುತ್ತದೆ ಎಂದಿತು ಇನ್ನೊಂದು ಗುಂಪು. ಎಲ್ಲರಿಗೂ ಅದೇ ಹಿಡಿಸಿತು. ನಾನಂತೂ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದೆ. ನೀನು ಮಾತ್ರ ಯಾರಿಗೂ ಹೇಳದೆ ಓಡಿಹೋಗಿ ನನ್ನ ಜಾಗದಲ್ಲಿ, ಅದೇ ಗೋಡೆಗೆ ಮುಖ ಮಾಡಿ ನಿಂತು, ಗಂಟೆ ಕೇಳಿಸಿಕೊಂಡು ಬಂದಿದ್ದೆ.

ಬಟ್ಟೆ ಸದ್ದು ಕುಡಿಯುತ್ತದೆ ಎಂದು ಚಾರ್ಟಿನಲ್ಲಿ ಬರೆಯಲು ಹೊರಟಾಗ ನೀನು ಎದ್ದು ನಿಂತೆ. ನಿನ್ನ ತುಟಿ ಓದುವುದು ನನಗೆ ಕರಗತ.

"ಬಟ್ಟೆ ಏನೂ ಕುಡಿಯಲ್ಲ ಟೀಚರ್. ಇವಳಿಗೇ ಕಿವಿ ಕೇಳ್ಸಲ್ಲ. ದಿನಾ ನಾನೇ ಚಿವುಟಿ ಹೇಳ್ತೀನಿ."

ಹೇಳಿ ನೀನೇ ಗೋಳೋ ಎಂದು ಅತ್ತೆ. ನನಗೆ ಮೈಯೆಲ್ಲ ಉರಿದುಹೋಯಿತು. ತರಗತಿಯ ಕಣ್ಣುಗಳೆಲ್ಲ ನನ್ನ ಮೇಲೆ. ಟೀಚರ್ ಅಯ್ಯೋ ಪಾಪ ಎನ್ನಲಿಲ್ಲ. ಹಲಗೆ ಒರೆಸಿ, ಹೊಸ ಪ್ರಶ್ನೆ ಬರೆದರು: ಹಾಗಾದರೆ ಇವಳಿಗೆ ಗಂಟೆ ಗೊತ್ತಾಗುವುದು ಹೇಗೆ? ಹುಡುಗರು ಗಂಟೆಯಿಂದ ನನ್ನ ಬೆಂಚಿಗೆ ದಾರ ಕಟ್ಟಿದ್ದು, ಜವಾನ ಅದಕ್ಕೆ ಸಿಕ್ಕಿ ಬಿದ್ದದ್ದು, ಟೀಚರ್ ನಮ್ಮ ಅಮ್ಮನನ್ನು ಕರೆಸಿದ್ದು, ಡಾಕ್ಟರು, ಕಿವಿಯ ಮೆಷೀನು, ಎಲ್ಲ ಒಂದರ ಹಿಂದೆ ಒಂದು ಆಯಿತು. ಅಮ್ಮ ಅಲ್ಲಿಯವರೆಗೆ ನನ್ನನ್ನು ಮೊಂಡಿ ಎಂದುಕೊಂಡಿದ್ದಳು. ಕೂಗಿದರೂ ತಿರುಗಿ ನೋಡದ ಮೊಂಡಿ. ಅವತ್ತು ರಾತ್ರಿ ತಬ್ಬಿಕೊಂಡು ಅತ್ತಳು.

ನಾನು ನಿನಗೆ ಟೂ ಬಿಟ್ಟೆ. ವರ್ಷ ಮುಗಿಯುವುದರೊಳಗೆ ನಿಮ್ಮ ಅಪ್ಪನಿಗೆ ವರ್ಗವಾಯಿತು. ಹೋಗುವ ದಿನ ನೀನು ನಮ್ಮ ಮನೆ ಬಾಗಿಲಿಗೆ ಬಂದೆ. ನಾನು ಗೋಡೆಯ ಕಡೆ ತಿರುಗಿ ಕುಳಿತೆ. ನೀನೇ ಕಲಿಸಿದ್ದಲ್ಲವೇ?

ಕೋಪ ಇದೆಯಾ ಎಂದು ಕೇಳಿದ್ದೀಯ. ಇತ್ತು. ಎಷ್ಟು ವರ್ಷ ಇತ್ತೋ ನನಗೇ ತಿಳಿಯದು. ಟೀಚರ್ ಆದ ಮೇಲೆ ಒಂದು ದಿನ ಹುಡುಕಿದರೆ ಇರಲಿಲ್ಲ. ನೀನು ಪ್ರೀತಿಯಿಂದ ಚಿವುಟುತ್ತಲೇ ಇದ್ದಿದ್ದರೆ ನಾನು ಜೀವನಪೂರ್ತಿ ಪಕ್ಕದವರನ್ನು ನೋಡಿ ಕರ್ಚೀಫು ಎತ್ತುತ್ತಲೇ ಇರುತ್ತಿದ್ದೆ. ಎಂಟು ವರ್ಷದ ಹುಡುಗಿ, ಇದ್ದ ಒಬ್ಬಳೇ ಗೆಳತಿಯನ್ನು ಕಳೆದುಕೊಳ್ಳುತ್ತೇನೆಂದು ಗೊತ್ತಿದ್ದೂ ನಿಜ ಹೇಳಿದೆಯಲ್ಲ. ನೀನು ಹೇಳಲೇಬೇಕಿತ್ತು. ಇದನ್ನು ಮೊದಲೇ ಬರೆಯಬೇಕೆಂದಿದ್ದರೂ ನಿನ್ನ ವಿಳಾಸ ನನ್ನ ಹತ್ತಿರ ಇರಲಿಲ್ಲ.

ಈಗ ಕೇಳು. ಕಳೆದ ವಾರ ನನ್ನ ತರಗತಿಯಲ್ಲೂ ಒಬ್ಬಳು ತಡವಾಗಿ ಬಂದು, ಗಂಟೆ ಕೇಳಿಸಲಿಲ್ಲ ಎಂದಳು. ಹಲಗೆಯ ಮೇಲೆ ಮೂರು ಕಲಂ ಎಳೆದಿದ್ದೇನೆ. ಶನಿವಾರ ಬೆಳಿಗ್ಗೆ ಮಕ್ಕಳ ಮೊದಲ ಪ್ರಯೋಗ. ಟೈಲರ್ ಅಂಗಡಿ ಈಗ ಮೊಬೈಲ್ ಅಂಗಡಿಯಾಗಿದೆ, ಗೋಡೆಗೆ ಹಳದಿ ಬಣ್ಣ. ಅಲ್ಲಿ ನಾನೇ ನಿಲ್ಲುತ್ತೇನೆ, ಮೆಷೀನು ತೆಗೆದಿಟ್ಟು. ಗೇಟಿನ ಹತ್ತಿರ ದೊಡ್ಡವರೊಬ್ಬರು ಬೇಕಾಗಿದ್ದಾರೆ. ಬಸ್ಸಿನಿಂದ ಇಳಿ. ನೆಗಡಿ ಇದ್ದರೆ ಮಾತ್ರ ಎರಡು ಕರ್ಚೀಫು ತಾ.

ನಿನ್ನ
ಪಿಳಿಪಿಳಿ

ಮರೆತಿದ್ದೆ: ಮೆಷೀನು ಬಂದಾಗಿನಿಂದ ನನಗೆ ಗಂಟೆ ಚೆನ್ನಾಗಿಯೇ ಕೇಳುತ್ತದೆ. ಆದರೂ ಗಂಟೆ ಹೊಡೆಯುವ ಹೊತ್ತಾದರೆ ನನ್ನ ಎಡಗೈ ತಾನಾಗಿ ಮೇಜಿನ ಮೇಲೆ ಪಕ್ಕಕ್ಕೆ ಸರಿದು ಕಾಯುತ್ತದೆ. ಇವತ್ತೂ ಸರಿಯಿತು. ಏನು ಮಾಡ್ತಿದ್ದೀರಿ ಟೀಚರ್ ಎಂದು ಮಕ್ಕಳು ಕೇಳಿದರು. ಶನಿವಾರ ತೋರಿಸುತ್ತೇನೆ ಎಂದಿದ್ದೇನೆ.