ಟೈಮರ್ ಕೂಗಿದ ಮೇಲೆ ಎರಡು ಸುತ್ತು

ಮಾರ್ಚ್ 3, ಸೋಮವಾರ

ಲ್ಯಾಬಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಸೋಯಾ ಪಾತ್ರೆ ಇಟ್ಟೆ. ಪಿಎಚ್‌ಡಿ ಹುಡುಗಿ ಮತ್ತೆ ಬಿಡಿಸಿ ಹೇಳಿದಳು — ಕಿಣ್ವ ಹಾಕಿದರೆ ಸೋಯಾ ಪ್ರೋಟೀನು ತುಂಡು ತುಂಡಾಗುತ್ತದೆ, ಆ ತುಂಡುಗಳೇ ಪೆಪ್ಟೈಡು, ಬಿಪಿ ಇಳಿಸಬಹುದೇನೋ ಎಂದು ನೋಡುವುದು. ಐದಕ್ಕೆ ಟೈಮರ್ ಕೂಗಿದ ಕೂಡಲೇ ನಾನು ಕುದಿಸಿ ಕಿಣ್ವವನ್ನು ನಿಲ್ಲಿಸಬೇಕು.

ದಿನಕ್ಕೆರಡು ಸುತ್ತು ಜಪ ನನ್ನದು. ಮೊದಲ ಮಣಿ ಹಿಡಿದಿದ್ದೆ, ಕೂಗಿತು. ಹಿಡಿದ ಜಪ ಬಿಟ್ಟು ಏಳಬಾರದು, ಅಮ್ಮ ಕಲಿಸಿದ್ದು. ಮುಗಿಸಿಯೇ ಎದ್ದೆ. ರಿಜಿಸ್ಟರಿನಲ್ಲಿ ಐದು ಎಂದೇ ಬರೆದೆ. ಸ್ವಲ್ಪ ತಡ... ಏನಾಗುತ್ತದೆ.

ಮಾರ್ಚ್ 14

ಹುಡುಗಿಯ ಕಾಲು ನೆಲದ ಮೇಲಿಲ್ಲ. "ಅಮ್ಮಾ, ಮೂರನೇ ತಾರೀಖಿನ ಸೋಯಾ ಒಣಗಿಸಿದ ಪುಡಿ ಎಲ್ಲಕ್ಕಿಂತ ಚೆನ್ನಾಗಿ ಕೆಲ್ಸ ಮಾಡ್ತಿದೆ. ಕಹಿ ಮಾತ್ರ ಬಾಯಲ್ಲಿಡೋಕಾಗಲ್ಲ. ನಿಮ್ಮ ಕೈಗುಣ."

ನಕ್ಕೆ. ಒಳಗೆ ಚುರುಕ್ ಎಂದಿತು.

ಏಪ್ರಿಲ್ 8, ಮಂಗಳವಾರ

ಸರಿಯಾಗಿ ಐದಕ್ಕೇ ಕುದಿಸಿ ಮತ್ತೆ ನಾಲ್ಕು ಸಲ ಮಾಡಿದ್ದಾಯಿತು. ಆ ಫಲ ಮತ್ತೆ ಬರಲಿಲ್ಲ. ನಾನು ಬೀಕರ್ ತೊಳೆಯುತ್ತಿದ್ದೆ. ಗೈಡ್ ಮೇಡಂ ಹುಡುಗಿಯನ್ನು ನಿಲ್ಲಿಸಿ ಕೇಳಿದರು — "ಅಂಕಿ ನೀನೇ ತಿದ್ದಿದ್ದಾ?"

"ಇಲ್ಲ ಮೇಡಂ."

"ಗುರುವಾರ ಕಮಿಟಿ ಮುಂದೆ ಹೇಳು. ಅವರು ನಂಬದಿದ್ರೆ ನಿನ್ನ ಪಿಎಚ್‌ಡಿ ಅಲ್ಲಿಗೆ ಮುಗೀತು."

ಹುಡುಗಿ ಊಟದ ಡಬ್ಬಿ ತೆರೆಯಲೇ ಇಲ್ಲ. ಸಂಜೆ ಜಪಕ್ಕೆ ಕೂತೆ. ಬಾಯಿಗೆ ದೇವರ ಹೆಸರೇ ಬರಲಿಲ್ಲ. ಜಪಮಣಿ ಹಿಡಿದ ಕೈಯೇ ಸುಳ್ಳು ಬರೆದದ್ದು.

ಏಪ್ರಿಲ್ 9, ಬೆಳಿಗ್ಗೆ 10

ಮೇಡಂ ಮುಂದೆ ಹೇಳಿಬಿಟ್ಟೆ.

"ಎಷ್ಟು ನಿಮಿಷ ತಡ?"

"ಗಡಿಯಾರ ನೋಡ್ಲಿಲ್ಲ ಮೇಡಂ."

"ಅವಳನ್ನ ಉಳಿಸೋಕೆ ಕಥೆ ಕಟ್ತಿದೀರಾ?"

"ದೇವರಾಣೆ ಇಲ್ಲ. ಕೂಗಿದ ಮೇಲೆ ಎರಡು ಸುತ್ತು ಜಪ ಆಯ್ತು."

ನನ್ನ ಮುಖ ನೋಡಿದರು. ವಾಚು ಬಿಚ್ಚಿ ಮೇಜಿನ ಮೇಲಿಟ್ಟರು. "ಕೂತ್ಕೊಳ್ಳಿ. ಮಾಡಿ."

ಸ್ಟೂಲಿನ ಮೇಲೆ ಕೂತು ಮಾಡಿದೆ. ಹೆದರಿಕೆಗೆ ನಾಲಿಗೆ ಓಡುತ್ತಿತ್ತು, ಹಿಡಿದು ಹಿಡಿದು ಹೇಳಿದೆ. ಇಪ್ಪತ್ತಾರು ನಿಮಿಷ.

"ಇವತ್ತು ಅಷ್ಟೇ ತಡ ಮಾಡಿ ಕುದಿಸಿ. ರಾತ್ರಿ ಒಣಗಿಸಿ ಬೆಳಿಗ್ಗೆ ಪರೀಕ್ಷೆ. ನಿಮ್ಮ ಕೆಲಸದ ಮಾತು ಆಮೇಲೆ."

ಬಾಗಿಲಲ್ಲಿ ನಿಂತು ಎಲ್ಲ ಕೇಳಿದ ಹುಡುಗಿ ನನ್ನ ಕಡೆ ನೋಡಲಿಲ್ಲ.

ಅದೇ ದಿನ, ಸಂಜೆ 5.20

ಎರಡಕ್ಕೇ ಇಟ್ಟಿದ್ದೇನೆ. ಟೈಮರ್ 5.26ಕ್ಕೆ. ಜಪ ಆಮೇಲೆ, ದೇವರು ಕಾಯಲಿ. ಹುಡುಗಿ ಪಕ್ಕದಲ್ಲೇ ಕೂತಿದ್ದಾಳೆ.

5.24. ಚಮಚದ ತುದಿಯಲ್ಲಿ ಒಂದು ಹನಿ ತೆಗೆದು ನಾಲಿಗೆಗಿಟ್ಟುಕೊಂಡಳು. ಮುಖ ಕಿವುಚಿದಳು.

"ಅಮ್ಮಾ... ಕಹಿ. ಅದೇ ಕಹಿ."

ಬೆಳಿಗ್ಗೆಯಿಂದ ಮೊದಲ ಸಲ ಅಮ್ಮಾ ಎಂದಳು. ಅವಳ ಕಣ್ಣಲ್ಲಿ ನೀರು. ನಾನು ಪೆನ್ನು ಬಿಡದೆ ಟೈಮರ್ ನೋಡುತ್ತಿದ್ದೇನೆ. ಈ ಸಲ ಕೂಗಿದರೆ ಅರ್ಧ ಅಕ್ಷರಕ್ಕೇ ಎದ್ದುಬಿಡು